ಜೀರ್ಣೋದ್ಧಾರದ ಎರಡು ಲೆಕ್ಕಗಳು: ಇಂಗ್ಲೆಂಡಿನ ಸಾರ್ವಜನಿಕ ವಸತಿಯ ‘ಯೋಗ್ಯಗೃಹ’ ಮಾನದಂಡದ ವಿಮರ್ಶೆ

೧

ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತವಾದುದು. ದೇವಾಲಯವನ್ನು ಕಟ್ಟಿಸಿದವರು ಪೂಜೆಗೂ ನೈವೇದ್ಯಕ್ಕೂ ಭೂಮಿಯನ್ನು ಬಿಟ್ಟಂತೆಯೇ, ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕಾಗಿಯೂ ಉತ್ಪತ್ತಿಯನ್ನು ಮೀಸಲಿಡುತ್ತಿದ್ದರು. ಕೆರೆಗಳ ವಿಷಯದಲ್ಲಿಯೂ ಇಂಥದೇ ಏರ್ಪಾಡು ಇದ್ದಿತು. ಕಟ್ಟಡವು ಹೊಸದಾಗಿರುವಾಗಲೇ ಅದು ಮುಂದೊಂದು ದಿನ ಬಿರಿಯುವುದೆಂದು ಒಪ್ಪಿಕೊಂಡು, ಆ ದಿನಕ್ಕೆ ಬೇಕಾದ ದ್ರವ್ಯವನ್ನು ಅಂದೇ ಕಲ್ಲಿನ ಮೇಲೆ ಬರೆಯಿಸಿಡುವ ವಿವೇಕ ಈ ಮಾತಿನಲ್ಲಿ ಅಡಗಿದೆ.

ಇಪ್ಪತ್ತನೆಯ ಶತಮಾನದಲ್ಲಿ ಸರ್ಕಾರಗಳು ಕಡಮೆ ವರಮಾನದವರಿಗಾಗಿ ಮನೆಗಳನ್ನು ಕಟ್ಟಿಸಲು ಹೊರಟಾಗ ಈ ವಿವೇಕ ಎಲ್ಲೆಡೆಯೂ ಉಳಿಯಲಿಲ್ಲ. ಇಂಗ್ಲೆಂಡು ಇದಕ್ಕೆ ಸ್ಪಷ್ಟವಾದ ನಿದರ್ಶನ. ೧೯೧೯ರ ಅಡಿಸನ್ ಕಾಯಿದೆಯಿಂದ ಮೊದಲುಗೊಂಡು ಅಲ್ಲಿನ ಸ್ಥಳೀಯ ಸಂಸ್ಥೆಗಳು ಲಕ್ಷಾಂತರ ಮನೆಗಳನ್ನು ಕಟ್ಟಿದುವು. ವರ್ಷಕ್ಕೆ ಎಷ್ಟು ಮನೆ ಎದ್ದುವು ಎಂಬುದು ಚುನಾವಣೆಗಳಲ್ಲಿ ಹೇಳಿಕೊಳ್ಳುವ ಸಂಖ್ಯೆಯಾಯಿತು. ಕಟ್ಟಿದವು ಹೇಗಿವೆ ಎಂಬುದು ಹಾಗಾಗಲಿಲ್ಲ. ೧೯೯೭ರ ಹೊತ್ತಿಗೆ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳ ಮನೆಗಳಲ್ಲಿ ಮಾಡದೆ ಉಳಿದಿದ್ದ ದುರಸ್ತಿಯ ಬೆಲೆ ಸುಮಾರು ೧,೯೦೦ ಕೋಟಿ ಪೌಂಡುಗಳೆಂದು ಅಂದಾಜು ಮಾಡಲಾಯಿತು. ಈ ಬಾಕಿಯನ್ನು ತೀರಿಸಲು ಹುಟ್ಟಿದುದೇ ‘ಡೀಸೆಂಟ್ ಹೋಮ್ಸ್ ಸ್ಟ್ಯಾಂಡರ್ಡ್’. ಅದನ್ನು ಇಲ್ಲಿ ‘ಯೋಗ್ಯಗೃಹ ಮಾನದಂಡ’ ಎಂದು ಕರೆಯುತ್ತೇವೆ. ಸ್ಕಾಟ್ಲೆಂಡಿಗೂ ವೇಲ್ಸಿಗೂ ಬೇರೆ ಮಾನದಂಡಗಳಿರುವುದರಿಂದ ನಮ್ಮ ವಿಮರ್ಶೆ ಇಂಗ್ಲೆಂಡಿನದಕ್ಕೆ ಸೀಮಿತವಾದುದು.

ಆಡಳಿತದ ಬರೆಹವನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಮಾನದಂಡವೂ ಒಂದು ಬರೆಹವೇ. ಅದು ಕೆಲವನ್ನು ಕಾಣುತ್ತದೆ, ಕೆಲವನ್ನು ಕಾಣದೆ ಬಿಡುತ್ತದೆ. ಕಾವ್ಯದಲ್ಲಿ ಕವಿ ಬಿಟ್ಟುದರಿಂದ ಓದುಗನಿಗೆ ಆಗುವ ನಷ್ಟ ಅಲ್ಪವಾದುದು. ಇಂಥ ಬರೆಹದಲ್ಲಿ ಬಿಟ್ಟುಹೋದುದು ಯಾರದೋ ಮನೆಯ ಗೋಡೆಯ ಮೇಲೆ ಬೂಷ್ಟಾಗಿ ಬೆಳೆಯುತ್ತದೆ.

೨

ಮೊದಲು ಮಾನದಂಡದ ಗುಣಗಳನ್ನು ಹೇಳುವುದು ನ್ಯಾಯ. ೨೦೦೦ದಲ್ಲಿ ಬ್ರಿಟಿಷ್ ಸರ್ಕಾರವು ೨೦೧೦ರೊಳಗಾಗಿ ಸಾರ್ವಜನಿಕ ವಸತಿಯ ಎಲ್ಲ ಮನೆಗಳನ್ನೂ ಯೋಗ್ಯಸ್ಥಿತಿಗೆ ತರುವುದಾಗಿ ಗುರಿಯಿಟ್ಟುಕೊಂಡಿತು. ಯೋಗ್ಯತೆಗೆ ನಾಲ್ಕು ಲಕ್ಷಣಗಳನ್ನು ಹೇಳಲಾಯಿತು: ಮನೆಯು ಕಾನೂನಿನ ಕನಿಷ್ಠ ಮಟ್ಟವನ್ನು ಮುಟ್ಟಿರಬೇಕು, ತಕ್ಕಮಟ್ಟಿಗೆ ದುರಸ್ತಾಗಿರಬೇಕು, ತಕ್ಕಮಟ್ಟಿನ ಆಧುನಿಕ ಸೌಕರ್ಯಗಳಿಂದ ಕೂಡಿರಬೇಕು, ಚಳಿಯಿಂದ ತಕ್ಕಮಟ್ಟಿನ ರಕ್ಷಣೆಯನ್ನು ಕೊಡಬೇಕು. ೨೦೦೧ರ ಸಮೀಕ್ಷೆಯಂತೆ ಸುಮಾರು ೧೬ ಲಕ್ಷ ಮನೆಗಳು, ಎಂದರೆ ಸಾರ್ವಜನಿಕ ವಸತಿಯಲ್ಲಿ ನೂರಕ್ಕೆ ೩೯ರಷ್ಟು, ಈ ಪರೀಕ್ಷೆಯಲ್ಲಿ ಸೋತಿದ್ದುವು. ೨೦೦೯ರ ಕೊನೆಯ ವೇಳೆಗೆ ನೂರಕ್ಕೆ ೮೬ರಷ್ಟು ಮನೆಗಳು ಗೆದ್ದುವೆಂದು ಲೆಕ್ಕ ಪರಿಶೋಧಕರು ವರದಿ ಮಾಡಿದರು. ಗುರಿ ಪೂರ್ಣವಾಗಿ ಈಡೇರದಿದ್ದರೂ, ಹತ್ತು ವರ್ಷಗಳೊಳಗೆ ಇಷ್ಟೊಂದು ಅಡುಗೆಮನೆಗಳೂ ಕಿಟಕಿಗಳೂ ಬಾಯ್ಲರುಗಳೂ ಹೊಸದಾದುದು ಸಾಮಾನ್ಯ ಸಾಧನೆಯಲ್ಲ.

ಇದಕ್ಕಿಂತಲೂ ಮುಖ್ಯವಾದ ಗುಣವೊಂದುಂಟು. ಮುರಿದಾಗ ಮಾತ್ರ ಸರಿಪಡಿಸುವ ಪದ್ಧತಿಯಲ್ಲಿ ಮಾಡು ಸೋರಿದ ಮೇಲೆ ಹೆಂಚು ಸರಿಸುತ್ತಾರೆ. ಅಷ್ಟರಲ್ಲಿ ತೊಲೆ ಕೊಳೆತಿರುತ್ತದೆ. ಯೋಜಿತ ಪದ್ಧತಿಯಲ್ಲಿ ಅಂಗಾಂಗಗಳ ಆಯುಸ್ಸನ್ನು ಮೊದಲೇ ಗುಣಿಸಿ, ಬೀದಿಯಲ್ಲಿನ ಮನೆಗಳಿಗೆಲ್ಲ ಒಂದೇ ಸಲ ಕೆಲಸ ಮಾಡಿಸುತ್ತಾರೆ. ಸಾರುವೆ ಕಟ್ಟುವ ಖರ್ಚು ಒಂದೇ ಸಲ ಬೀಳುತ್ತದೆ. ಗುತ್ತಿಗೆಯ ದರವೂ ಇಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ದೂರು ಕೊಡಲು ಅರಿಯದವರಿಗೂ ಅಂಜುವವರಿಗೂ ಪಾಳಿ ಬರುತ್ತದೆ. ಈ ಕೊನೆಯ ಪ್ರಯೋಜನವನ್ನು ವಿಮರ್ಶಕರು ಮರೆಯತಕ್ಕದ್ದಲ್ಲ.

ಹಣವನ್ನು ಕೊಟ್ಟ ರೀತಿಯಲ್ಲಿ ಮಾತ್ರ ಒಂದು ಕಟ್ಟು ಇದ್ದಿತು. ಹೆಚ್ಚಿನ ಹಣ ಬೇಕಾದ ಸ್ಥಳೀಯ ಸಂಸ್ಥೆಯು ಮನೆಗಳನ್ನು ವಸತಿ ಸಂಘಕ್ಕೆ ವರ್ಗಾಯಿಸಬೇಕು, ಇಲ್ಲವೆ ಪ್ರತ್ಯೇಕ ನಿರ್ವಹಣಾ ಸಂಸ್ಥೆಯನ್ನು ನಿರ್ಮಿಸಬೇಕು, ಅದೂ ಇಲ್ಲವಾದರೆ ಖಾಸಗಿ ಬಂಡವಾಳವನ್ನು ಕರೆಯಬೇಕು. ಬರ್ಮಿಂಗ್‌ಹ್ಯಾಮಿನ ಬಾಡಿಗೆದಾರರು ೨೦೦೨ರಲ್ಲಿ ವರ್ಗಾವಣೆಯನ್ನೂ, ಲಂಡನ್ನಿನ ಕ್ಯಾಮ್ಡೆನ್ನಿನವರು ೨೦೦೪ರಲ್ಲಿ ಪ್ರತ್ಯೇಕ ಸಂಸ್ಥೆಯನ್ನೂ ಮತ ಹಾಕಿ ತಿರಸ್ಕರಿಸಿದರು. ಮನೆ ಸರಿಯಾಗಬೇಕೆಂಬ ಆಸೆ ಅವರಿಗೆ ಇರಲಿಲ್ಲವೆಂದಲ್ಲ. ಒಡೆತನ ಯಾರದೆಂಬ ಪ್ರಶ್ನೆಗೂ ಕಿಟಕಿ ಸರಿಮಾಡುವ ಪ್ರಶ್ನೆಗೂ ಗಂಟು ಹಾಕಿದುದನ್ನು ಅವರು ಒಪ್ಪಲಿಲ್ಲ. ನಿವಾಸಿಗಳ ಮಾತಿಗೆ ಈ ಕಾರ್ಯಕ್ರಮದಲ್ಲಿ ನಿಶ್ಚಿತವಾದ ಬೆಲೆ ದೊರೆತುದು ಬಹುಮಟ್ಟಿಗೆ ಈ ಮತದಾನದಲ್ಲಿ ಮಾತ್ರ ಎಂಬುದನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

೩

ಇನ್ನು ಮಾನದಂಡದ ಪಾಠಕ್ಕೆ ಬರೋಣ. ‘ಡೀಸೆಂಟ್’ ಎಂಬ ಶಬ್ದಕ್ಕೆ ಕನ್ನಡದಲ್ಲಿ ‘ಮರ್ಯಾದೆಯ’ ಎಂಬ ಅರ್ಥವೂ ಸಲ್ಲುತ್ತದೆ. ಮರ್ಯಾದೆ ಎಂಬುದು ವಸ್ತುವಿನ ಗುಣವಲ್ಲ. ಇಬ್ಬರ ನಡುವಣ ನಡೆವಳಿಕೆ. ಶಿರೋನಾಮೆಯು ಇಂಥ ಸಂಬಂಧವನ್ನು ಸೂಚಿಸುತ್ತದೆ. ಒಳಗಿನ ಪಾಠವು ವಸ್ತುಗಳನ್ನು ಮಾತ್ರ ಎಣಿಸುತ್ತದೆ.

ಎಣಿಸುವ ಕ್ರಮವನ್ನು ನೋಡಿರಿ. ಗೋಡೆಯ ಕಟ್ಟಡಕ್ಕೆ ೮೦ ವರ್ಷ, ವಿದ್ಯುತ್ತಿನ ವ್ಯವಸ್ಥೆಗೆ ೩೦, ಅನಿಲದ ಬಾಯ್ಲರಿಗೆ ೧೫, ಬಿಡಿಮನೆಯ ಕಿಟಕಿಗೆ ೪೦, ಮಹಡಿ ಮನೆಗಳ ಕಿಟಕಿಗೆ ೩೦ ಎಂದು ಮಾರ್ಗಸೂಚಿಯಲ್ಲಿ ಆಯುಸ್ಸನ್ನು ನಿಗದಿ ಮಾಡಿದೆ. ಅಂಗವೊಂದು ದುರಸ್ತಿಯ ಪರೀಕ್ಷೆಯಲ್ಲಿ ಸೋಲಬೇಕಾದರೆ ಅದು ಹಳೆಯದೂ ಆಗಿರಬೇಕು, ಕೆಟ್ಟೂ ಇರಬೇಕು. ಹಳೆಯದಾಗಿಯೂ ಗಟ್ಟಿಯಾಗಿರುವುದನ್ನು ಕಿತ್ತೆಸೆಯಬಾರದೆಂಬುದು ಇದರ ಉದ್ದೇಶ; ಅದು ಮೆಚ್ಚತಕ್ಕದ್ದೇ. ಆದರೆ ಇದರ ಇನ್ನೊಂದು ಮುಖವನ್ನು ನೋಡಬೇಕು. ಹತ್ತು ವರ್ಷಕ್ಕೇ ಕೆಟ್ಟ ಕಿಟಕಿ ಈ ಲೆಕ್ಕದಲ್ಲಿ ಸೋಲುವುದಿಲ್ಲ. ಅದು ಇನ್ನೂ ಹಳೆಯದಾಗಿಲ್ಲ. ಅಂಥದನ್ನು ನಿವಾಸಿಯ ದೂರಿನ ಮೇರೆಗೆ ನಿತ್ಯದ ದುರಸ್ತಿಯಲ್ಲಿ ಸರಿಪಡಿಸಿಕೊಳ್ಳಲಿ ಎಂಬುದು ಮಾನದಂಡದ ಭಾವನೆ.

ಸೌಕರ್ಯಗಳ ಲಕ್ಷಣದಲ್ಲಿಯೂ ಇಂಥದೇ ಸಂದುಗಳಿವೆ. ಅಡುಗೆಮನೆ ೨೦ ವರ್ಷಕ್ಕಿಂತ ಹಳೆಯದಾಗಿರಬಾರದು. ಅದರಲ್ಲಿ ಸಾಕಷ್ಟು ಸ್ಥಳವಿರಬೇಕು. ಸ್ನಾನದ ಮನೆ ೩೦ ವರ್ಷಕ್ಕಿಂತ ಹಳೆಯದಾಗಿರಬಾರದು. ಅದೂ ಶೌಚಗೃಹವೂ ತಕ್ಕ ಜಾಗದಲ್ಲಿರಬೇಕು. ಹೊರಗಿನ ಸದ್ದಿಗೆ ತಡೆಯಿರಬೇಕು. ಮಹಡಿ ಮನೆಗಳಲ್ಲಿ ಎಲ್ಲರೂ ಬಳಸುವ ಪ್ರವೇಶಸ್ಥಳ ಸಮರ್ಪಕವಾಗಿರಬೇಕು. ಈ ಆರರಲ್ಲಿ ಮೂರು ಇಲ್ಲದಿದ್ದರೆ ಮಾತ್ರ ಮನೆ ಅಯೋಗ್ಯ. ಹಾಗಾದರೆ ಹೊರಗಿನ ಗದ್ದಲದಿಂದ ರಾತ್ರಿಯೆಲ್ಲ ನಿದ್ರೆಯಿಲ್ಲದವನ ಮನೆ, ಉಳಿದುದೆಲ್ಲ ಸರಿಯಾಗಿದ್ದ ಪಕ್ಷದಲ್ಲಿ, ಯೋಗ್ಯವಾದುದೇ. ನಿದ್ರೆಗೆಟ್ಟವನಿಗೆ ಮೂರರ ಲೆಕ್ಕ ಹೇಗೆ ಸಮಾಧಾನ ತರುವುದೆಂಬುದನ್ನು ಮಾನದಂಡ ವಿಚಾರಿಸುವುದಿಲ್ಲ.

ಇದರಿಂದ ಆದ ಮುಖ್ಯ ಪರಿಣಾಮವೇ ಈ ಲೇಖನದ ಪ್ರತಿಪಾದ್ಯ. ವಸತಿ ಸಂಸ್ಥೆಯಲ್ಲಿ ಎರಡು ಲೆಕ್ಕಗಳು ಏರ್ಪಟ್ಟುವು. ಒಂದು ಯೋಜನೆಯ ಲೆಕ್ಕ: ಅದರಲ್ಲಿ ಅಂಗಗಳ ಹೆಸರು, ವಯಸ್ಸು, ಬದಲಿಸಬೇಕಾದ ವರ್ಷ. ಇನ್ನೊಂದು ದೂರಿನ ಲೆಕ್ಕ: ಅದರಲ್ಲಿ ನಿವಾಸಿಯ ಹೆಸರು, ಹೇಳಿದ ತೊಂದರೆ, ಕೆಲಸದವನನ್ನು ಕಳುಹಿಸಿದ ದಿನ. ಮೊದಲನೆಯದು ಮನೆಗಳ ಸ್ಥಿತಿಯ ಸಮೀಕ್ಷೆಯಿಂದ ಹುಟ್ಟುತ್ತದೆ. ಬಹುಕಾಲ ಈ ಸಮೀಕ್ಷೆಯಲ್ಲಿ ಎಲ್ಲ ಮನೆಗಳೊಳಗೂ ಹೋಗದೆ ಕೆಲವನ್ನು ಮಾತ್ರ ನೋಡಿ, ಅದೇ ಕಾಲದಲ್ಲಿ ಅದೇ ನಮೂನೆಯಲ್ಲಿ ಕಟ್ಟಿದ ಉಳಿದವುಗಳಿಗೂ ಅದೇ ವಿವರಗಳನ್ನು ಪಡಿಯಚ್ಚಾಗಿ ತುಂಬುವ ರೂಢಿ ಬಳಕೆಯಲ್ಲಿದ್ದಿತು. ಎರಡನೆಯದು ಪ್ರತಿ ದಿನವೂ ಮನೆಯೊಳಗಿನಿಂದಲೇ ಬರುತ್ತದೆ. ಒಂದೇ ಮನೆಯಿಂದ ಮೂರು ಚಳಿಗಾಲ ಒಂದೇ ಗೋಡೆಯನ್ನು ಕುರಿತು ದೂರು ಬಂದರೆ ಅದಕ್ಕಿಂತ ಖಚಿತವಾದ ಸಮೀಕ್ಷೆ ಬೇರೊಂದಿಲ್ಲ. ಆದರೂ ಆ ದೂರು ಮೂರು ಸಲ ತೀರಿಸಿದ ಮೂರು ಕೆಲಸಗಳಾಗಿ ಒಂದು ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ. ಇನ್ನೊಂದು ಲೆಕ್ಕದಲ್ಲಿ ಗೋಡೆಗೆ ಇನ್ನೂ ನಾಲ್ವತ್ತು ವರ್ಷ ಆಯುಸ್ಸು ಇರುತ್ತದೆ.

೪

ಈ ಒಡಕಿಗೆ ಕಾನೂನಿನ ಆಸರೆಯೂ ಇದ್ದಿತು. ಇಂಗ್ಲೆಂಡು ಮತ್ತು ವೇಲ್ಸುಗಳ ನ್ಯಾಯಪದ್ಧತಿಯಲ್ಲಿ ದುರಸ್ತಿ ಬೇರೆ, ಸುಧಾರಣೆ ಬೇರೆ. ೧೯೮೫ರ ಮನೆಯೊಡೆಯ-ಬಾಡಿಗೆದಾರ ಕಾಯಿದೆಯ ೧೧ನೆಯ ಪ್ರಕರಣದಂತೆ ಕಟ್ಟಡದ ಚೌಕಟ್ಟನ್ನೂ ಹೊರಮೈಯನ್ನೂ ದುರಸ್ತಾಗಿ ಇಡುವುದು ಒಡೆಯನ ಕರ್ತವ್ಯ. ಆದರೆ ಮೊದಲಿನಿಂದಲೂ ಇದ್ದ ದೋಷವನ್ನು ತೆಗೆದುಹಾಕಿ ಮನೆಯನ್ನು ಉತ್ತಮಗೊಳಿಸುವುದು ಆ ಕರ್ತವ್ಯದಲ್ಲಿ ಸೇರದು.

ಅದೇ ವರ್ಷ ‘ಕ್ವಿಕ್ ವಿರುದ್ಧ ಟ್ಯಾಫ್-ಈಲೈ’ ಎಂಬ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯವು ಈ ಭೇದವನ್ನು ಕಟ್ಟುನಿಟ್ಟಾಗಿ ಅನ್ವಯಿಸಿತು. ವೇಲ್ಸಿನ ಸ್ಥಳೀಯ ಸಂಸ್ಥೆಯ ಮನೆಯೊಂದರಲ್ಲಿ ಲೋಹದ ಚೌಕಟ್ಟಿನ ಕಿಟಕಿಗಳ ಮೇಲೆ ಒಳಗಿನ ಗಾಳಿಯ ತೇವಾಂಶವು ತಣಿದು ನೀರಾಗಿ ಇಳಿಯುತ್ತಿದ್ದಿತು. ಹಾಸಿಗೆ ಬಟ್ಟೆಗಳು ಕೊಳೆಯುತ್ತಿದ್ದುವು. ಮನೆಯು ವಾಸಕ್ಕೆ ಕಷ್ಟಕರವಾಗಿದ್ದುದನ್ನು ನ್ಯಾಯಾಲಯ ಅಲ್ಲಗಳೆಯಲಿಲ್ಲ. ಆದರೆ ಕಿಟಕಿಗಳು ಕೆಟ್ಟಿರಲಿಲ್ಲ, ಗೋಡೆಗಳು ಶಿಥಿಲವಾಗಿರಲಿಲ್ಲ. ಅವು ಮೊದಲು ಹೇಗೆ ಕಟ್ಟಲ್ಪಟ್ಟಿದ್ದುವೋ ಹಾಗೆಯೇ ಇದ್ದುವು. ಆದುದರಿಂದ ದುರಸ್ತಿಯ ಪ್ರಶ್ನೆಯೇ ಏಳುವುದಿಲ್ಲವೆಂದು ತೀರ್ಪಾಯಿತು. ತರ್ಕದ ದೃಷ್ಟಿಯಿಂದ ಈ ತೀರ್ಪು ದೋಷರಹಿತವೆನ್ನಬಹುದು. ಕೆಟ್ಟ ಕಟ್ಟಡ ಕೆಟ್ಟದ್ದಾಗಿಯೇ ಉಳಿದರೆ ಅದು ಕೆಟ್ಟಿಲ್ಲ ಎಂಬುದು ಅದರ ಸಾರ.

ಹೀಗೆ ತೇವ ಮತ್ತು ಬೂಷ್ಟು ಎರಡು ಲೆಕ್ಕಗಳ ನಡುವಣ ಯಾರಿಗೂ ಸೇರದ ಭೂಮಿಯಾದುವು. ದುರಸ್ತಿಯೆನ್ನಲು ಏನೂ ಮುರಿದಿಲ್ಲ. ಸುಧಾರಣೆಯೆನ್ನಲು ಪಾಳಿ ಬಂದಿಲ್ಲ. ಉಳಿದ ಮಾರ್ಗವೆಂದರೆ ನಿವಾಸಿಯನ್ನೇ ಹೊಣೆ ಮಾಡುವುದು. ಕಿಟಕಿ ತೆರೆಯಲಿಲ್ಲ, ಬಟ್ಟೆ ಒಳಗೆ ಒಣಗಿಸಿದರು, ಅಡುಗೆಯ ಹಬೆ ಹೆಚ್ಚಾಯಿತು. ಇದಕ್ಕೆಲ್ಲ ‘ಜೀವನಶೈಲಿ’ ಎಂದು ಹೆಸರು. ೨೦೨೧ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ವಸತಿ ದೂರು ವಿಚಾರಣಾಧಿಕಾರಿಯು ಬೂಷ್ಟನ್ನು ಕುರಿತು ಹೊರಡಿಸಿದ ವರದಿಯು ಇದು ಜೀವನಶೈಲಿಯ ಮಾತಲ್ಲವೆಂದು ಶಿರೋನಾಮೆಯಲ್ಲಿಯೇ ಸಾರಿತು.

ಆ ವೇಳೆಗೆ ಒಂದು ಜೀವ ಹೋಗಿದ್ದಿತು. ರಾಚ್‌ಡೇಲಿನಲ್ಲಿ ವಸತಿ ಸಂಸ್ಥೆಯೊಂದರ ಮನೆಯಲ್ಲಿದ್ದ ಎರಡು ವರ್ಷದ ಮಗು ೨೦೨೦ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಬೂಷ್ಟಿನ ವಿಷಯವನ್ನು ತಂದೆ ೨೦೧೭ರಲ್ಲಿಯೇ ತಿಳಿಸಿದ್ದನು. ಅದರ ಮೇಲೆ ಬಣ್ಣ ಬಳಿಯುವಂತೆ ಅವನಿಗೆ ಹೇಳಲಾಗಿದ್ದಿತು. ದೀರ್ಘಕಾಲ ಬೂಷ್ಟಿಗೆ ಒಡ್ಡಿಕೊಂಡುದರಿಂದಲೇ ಉಸಿರಾಟದ ವ್ಯಾಧಿಯುಂಟಾಗಿ ಮಗು ಸತ್ತಿತೆಂದು ೨೦೨೨ರ ನವೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ನಿರ್ಣಯಿಸಿದರು. ಇದರ ಫಲವಾಗಿ ೨೦೨೩ರ ಸಾಮಾಜಿಕ ವಸತಿ ನಿಯಂತ್ರಣ ಕಾಯಿದೆಯಲ್ಲಿ ಆ ಮಗುವಿನ ಹೆಸರಿನಿಂದ ‘ಅವಾಬನ ಕಾನೂನು’ ಎಂದು ಪ್ರಸಿದ್ಧವಾದ ನಿಬಂಧನೆ ಸೇರಿತು. ೨೦೨೫ರ ಅಕ್ಟೋಬರ್ ೨೭ರಿಂದ ಜಾರಿಗೆ ಬಂದ ಅದರ ಮೊದಲ ಹಂತದಂತೆ, ತುರ್ತಾದ ಅಪಾಯವನ್ನು ೨೪ ಗಂಟೆಗಳೊಳಗೆ ನಿವಾರಿಸಬೇಕು. ಗಣನೀಯವಾದ ತೇವ ಮತ್ತು ಬೂಷ್ಟನ್ನು ಕೆಲಸದ ೧೦ ದಿನಗಳೊಳಗೆ ಪರಿಶೀಲಿಸಬೇಕು. ಪರಿಶೀಲನೆ ಮುಗಿದ ಮೇಲೆ ಕೆಲಸದ ೫ ದಿನಗಳೊಳಗೆ ಮನೆಯನ್ನು ನಿರಪಾಯಗೊಳಿಸಬೇಕು. ದಿನಗಳ ಈ ಎಣಿಕೆ ವರ್ಷಗಳ ಹಳೆಯ ಎಣಿಕೆಗೆ ಕೊಟ್ಟ ಉತ್ತರ. ಮಾನದಂಡವು ವಸ್ತುವಿನ ವಯಸ್ಸನ್ನು ಎಣಿಸಿತು. ಈ ಕಾನೂನು ನಿವಾಸಿ ಕಾದ ದಿನಗಳನ್ನು ಎಣಿಸುತ್ತದೆ.

೫

ಯೋಜಿತ ಸುಧಾರಣೆಯ ಸ್ವರೂಪವನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ಪಶ್ಚಿಮ ಲಂಡನ್ನಿನ ಗ್ರೆನ್‌ಫೆಲ್ ಗೋಪುರವು ೧೯೭೦ರ ದಶಕದ ೨೪ ಅಂತಸ್ತಿನ ಸಾರ್ವಜನಿಕ ವಸತಿ. ೨೦೧೬ರಲ್ಲಿ ಮುಗಿದ ನವೀಕರಣದಲ್ಲಿ ಅದಕ್ಕೆ ಚಳಿ ತಡೆಯುವ ಪದರವನ್ನೂ ಹೊರಹೊದಿಕೆಯನ್ನೂ ತೊಡಿಸಲಾಯಿತು. ೨೦೧೭ರ ಜೂನ್ ೧೪ರಂದು ಅಲ್ಲಿ ಹುಟ್ಟಿದ ಬೆಂಕಿಯಲ್ಲಿ ೭೨ ಮಂದಿ ಸತ್ತರು. ಹೊರಹೊದಿಕೆಯ ಅಲ್ಯೂಮಿನಿಯಂ ಫಲಕಗಳೊಳಗಿದ್ದ ಪಾಲಿಎಥಿಲೀನ್ ತಿರುಳೇ ಬೆಂಕಿ ಹಬ್ಬಲು ಮುಖ್ಯ ಕಾರಣವೆಂದು ವಿಚಾರಣಾ ಆಯೋಗದ ೨೦೧೯ರ ವರದಿ ಹೇಳಿತು. ೨೦೨೪ರ ಅಂತಿಮ ವರದಿಯು ವಸ್ತುಗಳನ್ನು ತಯಾರಿಸಿದವರಿಂದ ಹಿಡಿದು ಸರ್ಕಾರದವರೆಗೆ ಅನೇಕರನ್ನು ಹೊಣೆ ಮಾಡಿದೆ. ಆದುದರಿಂದ ಈ ಅನಾಹುತವನ್ನೆಲ್ಲ ನಿರ್ವಹಣೆಯ ಪ್ರಶ್ನೆಗೆ ಇಳಿಸುವುದು ತಪ್ಪಾದೀತು.

ಆದರೂ ಒಂದು ಚಿಕ್ಕ ವಿವರ ನಮ್ಮ ವಿಷಯಕ್ಕೆ ನೇರವಾಗಿ ಸೇರುತ್ತದೆ. ಇಂಥ ಕಟ್ಟಡದಲ್ಲಿ ಪ್ರತಿ ಮನೆಯ ಮುಂಬಾಗಿಲೂ ತೆರೆದವನು ಬಿಟ್ಟೊಡನೆ ತಾನಾಗಿ ಮುಚ್ಚಿಕೊಳ್ಳಬೇಕು. ಆಗ ಹೊಗೆ ಮೆಟ್ಟಿಲ ಕಡೆಗೆ ನುಗ್ಗದು. ಗ್ರೆನ್‌ಫೆಲ್ಲಿನಲ್ಲಿ ಹಲವು ಬಾಗಿಲುಗಳಿಗೆ ಆ ಸಾಧನ ಇರಲಿಲ್ಲ, ಇಲ್ಲವೆ ಕೆಲಸ ಮಾಡುತ್ತಿರಲಿಲ್ಲವೆಂದು ಆಯೋಗ ಕಂಡುಕೊಂಡಿತು. ದೊಡ್ಡ ಸುಧಾರಣೆಗೆ ಗುತ್ತಿಗೆಯೂ ನಕ್ಷೆಯೂ ಅಂಕಿತವೂ ಇರುತ್ತವೆ. ಬಾಗಿಲ ಹಿಂದಣ ಸಣ್ಣ ಸಾಧನಕ್ಕೆ ಇರುವುದು ಆಗಾಗ್ಗೆ ಬಂದು ನೋಡುವವನ ಕಣ್ಣು ಮಾತ್ರ. ಹೊರಗಿನಿಂದ ಕಾಣುವ ಕೆಲಸ ಆಯಿತು. ಒಳಗೆ ಹೋದವನಿಗೆ ಮಾತ್ರ ಕಾಣುವ ಕೆಲಸ ಉಳಿಯಿತು. ನಿರ್ವಹಣಾ ಸಂಸ್ಥೆಗೂ ನಿವಾಸಿಗಳಿಗೂ ನಡುವೆ ಅಪನಂಬಿಕೆ ಬೆಳೆದಿದ್ದಿತೆಂದೂ, ದೂರು ಹೇಳುವ ಕೆಲವರನ್ನು ತಂಟೆಕೋರರೆಂದು ಬಗೆಯಲಾಗಿದ್ದಿತೆಂದೂ ಅಂತಿಮ ವರದಿ ದಾಖಲೆ ಮಾಡಿದೆ. ದೂರಿನ ಲೆಕ್ಕವನ್ನು ತಂಟೆಯ ಲೆಕ್ಕವೆಂದು ಓದಿದರೆ ಅದರಲ್ಲಿ ಬರೆದುದು ಯಾರಿಗೂ ಕಾಣುವುದಿಲ್ಲ.

೬

ಈ ವಿಮರ್ಶೆಗೆ ಒಂದು ಬಲವಾದ ಆಕ್ಷೇಪವುಂಟು. ದೂರುಗಳನ್ನೇ ಯೋಜನೆಗೆ ಆಧಾರವಾಗಿ ಮಾಡಿದರೆ ಗಟ್ಟಿಯಾಗಿ ಕೂಗುವವರ ಮನೆ ಮೊದಲು ಸರಿಯಾಗುತ್ತದೆ; ಭಾಷೆ ಬಾರದ ವಲಸಿಗರೂ ವೃದ್ಧರೂ ಹಿಂದೆ ಬೀಳುತ್ತಾರೆ. ವಯಸ್ಸಿನ ಪಟ್ಟಿ ನಿರ್ದಯವಾದರೂ ನಿಷ್ಪಕ್ಷಪಾತವಾದುದು. ಈ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಪಟ್ಟಿಯನ್ನು ಸುಡಬೇಕೆಂಬುದು ನಮ್ಮ ವಾದವಲ್ಲ. ಮೂಕರ ಪರವಾಗಿ ಮಾತಾಡುವುದೇ ಪಟ್ಟಿಯ ನಿಜವಾದ ಕೆಲಸ. ಆದರೆ ಮಾತಾಡಿದವರ ಮಾತನ್ನು ಅದು ಅಡಗಿಸಬಾರದು. ರಾಚ್‌ಡೇಲಿನ ತಂದೆ ಮೂಕನಾಗಿರಲಿಲ್ಲ.

ಎರಡು ಲೆಕ್ಕಗಳೂ ಒಂದಾಗಿದ್ದ ಉದಾಹರಣೆ ಇಂಗ್ಲೆಂಡಿನ ಇತಿಹಾಸದಲ್ಲಿಯೇ ಇದೆ. ೧೮೬೫ರಲ್ಲಿ ಆಕ್ಟೇವಿಯಾ ಹಿಲ್ ಎಂಬಾಕೆ ಜಾನ್ ರಸ್ಕಿನ್ನರ ಹಣದಿಂದ ಲಂಡನ್ನಿನ ಮೆರಿಲಬೋನಿನಲ್ಲಿ ಕೆಲವು ಹಾಳುಮನೆಗಳನ್ನು ಕೈಗೆ ತೆಗೆದುಕೊಂಡಳು. ಬಂಡವಾಳಕ್ಕೆ ನೂರಕ್ಕೆ ಐದರ ಆದಾಯ ಕೊಡಬೇಕೆಂಬುದು ಕರಾರು. ವಾರ ವಾರವೂ ಬಾಡಿಗೆ ಎತ್ತಲು ಹೋದ ಹೆಂಗಸರೇ ಮುರಿದುದನ್ನೂ ನೋಡಿಕೊಂಡು ಬರುತ್ತಿದ್ದರು. ದುರಸ್ತಿಗೆಂದು ವರ್ಷಕ್ಕೆ ಇಂತಿಷ್ಟು ಹಣ ಮೀಸಲು. ಅದರಲ್ಲಿ ಉಳಿದುದನ್ನು ಬಾಡಿಗೆದಾರರು ತಾವೇ ಬಯಸಿದ ಸುಧಾರಣೆಗೆ ಖರ್ಚು ಮಾಡಲಾಗುತ್ತಿದ್ದಿತು. ಇಲ್ಲಿ ತಪಾಸಣೆ, ದೂರು, ದುರಸ್ತಿ, ಸುಧಾರಣೆ ಇವೆಲ್ಲವೂ ಒಂದೇ ಭೇಟಿಯಲ್ಲಿ ಒಂದೇ ಕೈಬರೆಹದಲ್ಲಿ ಸೇರಿದ್ದುವು. ಆಕೆಯ ಪದ್ಧತಿಯನ್ನು ಹಾಗೆಯೇ ತರಬೇಕೆಂದು ಯಾರೂ ಹೇಳಲಾರರು. ಬಾಡಿಗೆದಾರರ ನಡತೆಯನ್ನು ತಿದ್ದುವ ಅಧಿಕಾರವನ್ನೂ ಆಕೆ ತಾನೇ ವಹಿಸಿಕೊಂಡಿದ್ದಳು. ಬಾಡಿಗೆ ಬಾಕಿಯಾದರೆ ಕರುಣೆಯಿರಲಿಲ್ಲ. ‘ಜೀವನಶೈಲಿ’ಯ ಆರೋಪದ ಹಿರಿಯ ವಂಶಜರನ್ನು ಅಲ್ಲಿಯೇ ಕಾಣಬಹುದು. ಗ್ರಹಿಸಬೇಕಾದುದು ಆಕೆಯ ಗದರಿಕೆಯನ್ನಲ್ಲ, ಆಕೆಯ ಲೆಕ್ಕವನ್ನು.

೨೦೨೫ರ ಜುಲೈನಲ್ಲಿ ಬ್ರಿಟಿಷ್ ಸರ್ಕಾರವು ಮಾನದಂಡದ ಪರಿಷ್ಕರಣೆಗಾಗಿ ಅಭಿಪ್ರಾಯಗಳನ್ನು ಆಹ್ವಾನಿಸಿದಾಗ, ದುರಸ್ತಿಯ ಪರೀಕ್ಷೆಯಲ್ಲಿ ವಯಸ್ಸಿನ ಷರತ್ತನ್ನು ಬಿಟ್ಟು ಸ್ಥಿತಿಯೊಂದನ್ನೇ ನೋಡಬೇಕೆಂದೂ, ತೇವ ಮತ್ತು ಬೂಷ್ಟಿಲ್ಲದಿರುವುದನ್ನು ಪ್ರತ್ಯೇಕ ಲಕ್ಷಣವಾಗಿ ಸೇರಿಸಬೇಕೆಂದೂ ಸೂಚಿಸಿತು. ಇಪ್ಪತ್ತೈದು ವರ್ಷಗಳ ಅನುಭವ ಕಲಿಸಿದ ಪಾಠವಿದು, ಸ್ವಾಗತಾರ್ಹವಾದುದು. ಆದರೆ ಸ್ಥಿತಿಯನ್ನು ನೋಡುವವರು ಯಾರು ಎಂಬ ಪ್ರಶ್ನೆ ಇನ್ನೂ ಉಳಿಯುತ್ತದೆ. ಐದು ವರ್ಷಕ್ಕೊಮ್ಮೆ ಬರುವ ಸಮೀಕ್ಷಕನು ಒಂದು ಗಂಟೆ ನೋಡುತ್ತಾನೆ. ಮನೆಯಲ್ಲಿರುವವಳು ವರ್ಷವೆಲ್ಲ ನೋಡುತ್ತಾಳೆ. ಒಂದೇ ದೂರು ಮರಳಿ ಬಂದಾಗ ಅದು ತಾನಾಗಿ ಯೋಜನೆಯ ಲೆಕ್ಕಕ್ಕೆ ಏರುವಂತೆಯೂ, ಒಂದು ಮನೆಯ ದೂರು ಅದೇ ನಮೂನೆಯ ಉಳಿದ ಮನೆಗಳ ತಪಾಸಣೆಗೆ ಕಾರಣವಾಗುವಂತೆಯೂ ನಿಯಮವಾದಲ್ಲದೆ ಹೊಸ ಮಾನದಂಡವೂ ಹಳೆಯ ಕುರುಡನ್ನು ಪಡೆದೀತು. ಪಡಿಯಚ್ಚಿನ ವಿವರಗಳನ್ನು ಒಂದು ಮನೆಯಿಂದ ಇನ್ನೊಂದಕ್ಕೆ ತುಂಬಲು ಬರುವುದಾದರೆ, ಪಡಿಯಚ್ಚಿನ ತೊಂದರೆಯನ್ನು ಹುಡುಕಲೂ ಬರಲೇಬೇಕು.

ಶಾಸನಗಳ ಮಾತಿಗೆ ಕೊನೆಯಲ್ಲಿ ಮರಳಬಹುದು. ‘ಖಂಡ’ ಎಂದರೆ ಒಡೆದುದು, ‘ಸ್ಫುಟಿತ’ ಎಂದರೆ ಬಿರಿದುದು, ‘ಜೀರ್ಣ’ ಎಂದರೆ ಕಾಲದಿಂದ ಸವೆದುದು. ಇಂದಿನ ಇಂಗ್ಲೆಂಡು ಎರಡು ಲೆಕ್ಕಗಳಲ್ಲಿ ಬರೆಯುವುದನ್ನು ಆ ಸಮಾಸವು ಒಂದೇ ಉಸಿರಿನಲ್ಲಿ ಹೇಳಿ ಎಲ್ಲಕ್ಕೂ ಒಂದೇ ಉತ್ಪತ್ತಿಯನ್ನು ಬಿಟ್ಟಿತು. ದೇವಾಲಯದಲ್ಲಿ ಬಿರುಕನ್ನು ಕಾಣಲು ಪ್ರತಿ ದಿನವೂ ಒಳಗೆ ಹೋಗುವವರಿದ್ದರು. ಬಡವನ ಮನೆಯಲ್ಲಿ ಆ ಕೆಲಸವನ್ನು ಮಾಡುತ್ತಿರುವವರು ಅಲ್ಲಿ ವಾಸಿಸುವವರೇ. ಅವರು ಹೇಳಿದುದನ್ನು ಬರೆದುಕೊಳ್ಳುವುದರಿಂದಲೇ ಮನೆಯ ಯೋಗ್ಯತೆ ಮೊದಲಾಗುತ್ತದೆ.